ಚಿಂತೆಯಿಂದ ಚಿಂತನದೆಡೆಗೆ: ಧ್ಯಾನ-ಮನನಗಳ ಅರ್ಥ ಮತ್ತು ಆಚರಣೆ

ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರು ಹೇಳಿಕೊಳ್ಳುವ ಅಳಲೊಂದಿದೆ. ಧ್ಯಾನಕ್ಕೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ. ಹಗಲೆಲ್ಲ ದೂರವಿದ್ದ ಚಿಂತೆಗಳು ಕಣ್ಣು ಮುಚ್ಚಿದೊಡನೆಯೇ ಬಂದು ಮುತ್ತುತ್ತವೆ. ಆದ್ದರಿಂದ ಧ್ಯಾನವು ಯೋಗಿಗಳಿಗಲ್ಲದೆ ಸಂಸಾರಿಗಳಿಗೆ ಸಾಧ್ಯವಿಲ್ಲ ಎಂಬುದು ಅವರ ನಿರ್ಣಯ. ಈ ನಿರ್ಣಯಕ್ಕೆ ಕಾರಣ ಅವರ ಮನಸ್ಸಿನ ದೌರ್ಬಲ್ಯವಲ್ಲ. ಧ್ಯಾನವೆಂದರೇನು, ಚಿಂತನವೆಂದರೇನು, ಚಿಂತೆಗೂ ಇವೆರಡಕ್ಕೂ ಇರುವ ಅಂತರವೇನು ಎಂಬುದು ಸ್ಪಷ್ಟವಾಗದಿರುವುದೇ ಕಾರಣ. ಅದನ್ನು ಇಲ್ಲಿ ವಿಚಾರಿಸೋಣ.

ಚಿಂತೆ ಮತ್ತು ಚಿಂತನ ಎಂಬ ಎರಡು ಪದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಆದರೆ ಬಳಕೆಯಲ್ಲಿ ಅವು ಬೇರೆ ಬೇರೆ ದಾರಿ ಹಿಡಿದಿವೆ. ಚಿಂತೆಯು ಗಾಣದ ಎತ್ತಿನಂತೆ. ದಿನವಿಡೀ ನಡೆದರೂ ಇದ್ದಲ್ಲಿಯೇ ಇರುತ್ತದೆ. ಚಿಂತನವು ದಾರಿಹೋಕನ ನಡಿಗೆಯಂತೆ. ನಿಧಾನವಾದರೂ ಒಂದು ಕಡೆಗೆ ತಲುಪಿಸುತ್ತದೆ. ಚಿಂತೆಯಲ್ಲಿ ಮನಸ್ಸು ನಮ್ಮನ್ನು ಎಳೆಯುತ್ತದೆ, ಚಿಂತನದಲ್ಲಿ ನಾವು ಮನಸ್ಸನ್ನು ನಡೆಸುತ್ತೇವೆ. ಎಳೆಯುವ ಮನಸ್ಸನ್ನು ನಿಲ್ಲಿಸಿ, ನಡೆಸಲು ಯೋಗ್ಯವಾಗುವಂತೆ ಮಾಡುವ ಸಾಧನವೇ ಧ್ಯಾನ. ಆದುದರಿಂದ ಮೊದಲು ಧ್ಯಾನ, ಅನಂತರ ಚಿಂತನ ಎಂಬ ಕ್ರಮವನ್ನು ಅರಿತುಕೊಳ್ಳಬೇಕು. ಕದಡಿದ ನೀರಿನಲ್ಲಿ ಮುಖ ನೋಡಲು ಹೊರಟವನಿಗೆ ಮುಖ ಕಾಣುವುದಿಲ್ಲ.

ಚಿಂತೆಯು ಮನಸ್ಸಿಗಷ್ಟೇ ಸೀಮಿತವಾದ ವ್ಯಾಧಿಯಲ್ಲ. ಅಪಾಯ ಎದುರಾದಾಗ ದೇಹವು ಓಡಲು ಅಥವಾ ಹೋರಾಡಲು ಸಿದ್ಧವಾಗುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ, ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ಉಸಿರು ಮೇಲ್ಮೇಲಾಗುತ್ತದೆ. ಅಪಾಯ ಕಳೆದೊಡನೆ ಇವೆಲ್ಲ ಮೊದಲಿನ ಸ್ಥಿತಿಗೆ ಮರಳಬೇಕು. ಆದರೆ ಮನುಷ್ಯನು ಇನ್ನೂ ಬಾರದ ಆಪತ್ತನ್ನು ನೆನೆದೂ ಇದೇ ಸ್ಥಿತಿಯನ್ನು ತಂದುಕೊಳ್ಳಬಲ್ಲನು. ದಿನಗಟ್ಟಲೆ ಹೀಗೆಯೇ ಇದ್ದರೆ ನಿದ್ರೆ ಕೆಡುತ್ತದೆ, ಜೀರ್ಣಶಕ್ತಿ ಕುಂದುತ್ತದೆ, ರಕ್ತದೊತ್ತಡವಿರುವವರಿಗೆ ಅದು ಹತೋಟಿ ತಪ್ಪುತ್ತದೆ.

ಇನ್ನು ಧ್ಯಾನದ ಅರ್ಥವನ್ನು ನೋಡೋಣ. ಪತಂಜಲಿ ಮಹರ್ಷಿಗಳು ಯೋಗವನ್ನು ಎಂಟು ಅಂಗಗಳಾಗಿ ವಿಂಗಡಿಸಿದ್ದಾರೆ: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಇದರಲ್ಲಿ ಧ್ಯಾನವು ಏಳನೆಯದೆಂಬುದನ್ನು ಗಮನಿಸಬೇಕು. ಮನಸ್ಸನ್ನು ಒಂದೆಡೆ ಇರಿಸಲು ಯತ್ನಿಸುವುದು ಧಾರಣ. ಆ ಯತ್ನವು ಎಣ್ಣೆಯ ಧಾರೆಯಂತೆ ಕಡಿಯದೆ ಹರಿದಾಗ ಅದು ಧ್ಯಾನ. ಆರಂಭದ ದಿನಗಳಲ್ಲಿ ನಾವೆಲ್ಲರೂ ಮಾಡುವುದು ಧಾರಣದ ಅಭ್ಯಾಸವೇ. ಮನಸ್ಸು ಜಾರುವುದು, ಜಾರಿದುದು ಅರಿವಿಗೆ ಬರುವುದು, ಮತ್ತೆ ಅದನ್ನು ಮೃದುವಾಗಿ ಕರೆತರುವುದು: ಈ ಮೂರೂ ಸೇರಿ ಒಂದು ಆವೃತ್ತಿ. ಹತ್ತು ನಿಮಿಷದಲ್ಲಿ ಮನಸ್ಸು ಮೂವತ್ತು ಸಲ ಓಡಿ, ಮೂವತ್ತು ಸಲವೂ ಮರಳಿತೆಂದರೆ ಅಭ್ಯಾಸ ಕೆಟ್ಟಿತೆಂದಲ್ಲ, ಮೂವತ್ತು ಸಲ ನಡೆಯಿತೆಂದೇ ತಿಳಿಯಬೇಕು.

ನಮ್ಮ ಪರಂಪರೆಯಲ್ಲಿ ಈ ಧಾರಣಕ್ಕೆ ಇಷ್ಟಲಿಂಗವೇ ಆಧಾರ. ಎಡಗೈಯ ಅಂಗೈಯಲ್ಲಿ ಲಿಂಗವನ್ನಿರಿಸಿ, ಅದರ ಮೇಲೆ ದೃಷ್ಟಿಯನ್ನು ನಿಲ್ಲಿಸಿ, ಪಂಚಾಕ್ಷರಿಯನ್ನು ಮನದಲ್ಲಿ ಜಪಿಸುವಾಗ ಕೈ, ಕಣ್ಣು, ಮನಸ್ಸು ಮೂರಕ್ಕೂ ಒಂದೇ ನೆಲೆ ದೊರೆಯುತ್ತದೆ. ಅಲ್ಲಮಪ್ರಭುಗಳಿಗೆ ಲಿಂಗವನ್ನು ಕರುಣಿಸಿದ ಗುರುವಿಗೆ ಅನಿಮಿಷನೆಂಬ ಹೆಸರು. ಅನಿಮಿಷವೆಂದರೆ ರೆಪ್ಪೆ ಮಿಟುಕಿಸದಿರುವುದು. ದೃಷ್ಟಿ ನಿಂತರೆ ಮನಸ್ಸು ನಿಲ್ಲುವುದು ಸುಲಭವೆಂಬ ಅನುಭವ ಆ ಹೆಸರಿನಲ್ಲಿಯೇ ಅಡಗಿದೆ. ಆದರೆ ಬಲವಂತವಾಗಿ ಕಣ್ಣು ತೆರೆದಿರಬಾರದು. ಕಣ್ಣು ಉರಿದರೆ ಅಥವಾ ನೀರು ಬಂದರೆ ಮುಚ್ಚಿ, ಒಳಗೆ ಅದೇ ರೂಪವನ್ನು ನೆನೆಯಬೇಕು.

ಆಧುನಿಕ ವೈದ್ಯವಿಜ್ಞಾನವೂ ಈ ವಿಷಯವನ್ನು ಪರೀಕ್ಷಿಸಿದೆ. ಅಮೆರಿಕದ ಹೃದಯತಜ್ಞ ಹರ್ಬರ್ಟ್ ಬೆನ್ಸನ್ ಅವರು, ಒಂದು ಪದವನ್ನು ಶಾಂತವಾಗಿ ಆವರ್ತಿಸುತ್ತ ಕುಳಿತವರಲ್ಲಿ ಉಸಿರಾಟ ಮತ್ತು ಎದೆಬಡಿತ ನಿಧಾನಗೊಳ್ಳುವುದನ್ನು ಗುರುತಿಸಿ, 1975ರಲ್ಲಿ ಪುಸ್ತಕವೊಂದರ ಮೂಲಕ ಸಾಮಾನ್ಯ ಓದುಗರಿಗೆ ತಿಳಿಸಿದರು. ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಧ್ಯಾನವನ್ನು ಕಲಿಸತೊಡಗಿದರು. ಅದು ಎಂಟು ವಾರಗಳ ಕ್ರಮವಾಗಿ ರೂಪುಗೊಂಡಿತು. 2014ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು 47 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಧ್ಯಾನದಿಂದ ಸಾಧಾರಣ ಪ್ರಮಾಣದ ಉಪಶಮನ ದೊರೆಯುವುದೆಂದು ಕಂಡುಕೊಂಡಿತು. ಸಾಧಾರಣವೆಂಬ ಈ ಮಾತು ಮುಖ್ಯ. ಧ್ಯಾನವು ಸರ್ವರೋಗಹರವಲ್ಲ, ಉತ್ತಮ ಸಹಾಯಕ. ಅದನ್ನು ಅಷ್ಟಾಗಿಯೇ ಸ್ವೀಕರಿಸುವುದು ವಿವೇಕ.

ಆಚರಣೆಯ ಕ್ರಮ ಸರಳವಾದುದು. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಇರುವ ಬ್ರಾಹ್ಮೀ ಮುಹೂರ್ತ ಶ್ರೇಷ್ಠವೆಂದು ಹಿರಿಯರು ಹೇಳಿದ್ದಾರೆ. ರಾತ್ರಿ ಪಾಳಿಯಲ್ಲಿ ದುಡಿಯುವವರು, ಮಕ್ಕಳನ್ನು ಶಾಲೆಗೆ ಅಣಿಗೊಳಿಸುವ ತಾಯಂದಿರು ತಮಗೆ ಬಿಡುವಾದ ಹೊತ್ತನ್ನು ಆರಿಸಿಕೊಳ್ಳಬಹುದು. ಆದರೆ ನಿತ್ಯವೂ ಅದೇ ಹೊತ್ತು ಇರಲಿ. ಹೊಟ್ಟೆ ತುಂಬ ಉಂಡೊಡನೆ ಕುಳಿತುಕೊಳ್ಳಬಾರದು. ಪದ್ಮಾಸನವೇ ಆಗಬೇಕೆಂಬ ನಿಯಮವಿಲ್ಲ. ಮೊಣಕಾಲು ನೋವಿರುವವರು ಕುರ್ಚಿಯಲ್ಲಿ ಕುಳಿತು ಪಾದಗಳನ್ನು ನೆಲಕ್ಕೂರಬಹುದು. ಬೆನ್ನು ನೆಟ್ಟಗಿರಲಿ, ಭುಜಗಳು ಸಡಿಲವಾಗಿರಲಿ. ಮೊದಲು ಎರಡು ನಿಮಿಷ ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ದೀರ್ಘವಾಗಿಸಬೇಕು. ಹೀಗೆ ಮಾಡಿದಾಗ ದೇಹವನ್ನು ಶಾಂತಗೊಳಿಸುವ ನರಮಂಡಲ ಚುರುಕಾಗುತ್ತದೆ. ಅನಂತರ ಹತ್ತು ನಿಮಿಷ ಲಿಂಗದೃಷ್ಟಿ ಮತ್ತು ಜಪ. ಒಂದು ತಿಂಗಳ ಬಳಿಕ ಅವಧಿಯನ್ನು ಇಪ್ಪತ್ತು ನಿಮಿಷಕ್ಕೆ ಏರಿಸಬಹುದು. ಒಂದು ದಿನ ಒಂದು ಗಂಟೆ ಕುಳಿತು ವಾರವಿಡೀ ಬಿಡುವುದಕ್ಕಿಂತ, ದಿನವೂ ಹತ್ತು ನಿಮಿಷ ಕುಳಿತುಕೊಳ್ಳುವುದು ಮೇಲು.

ಧ್ಯಾನದಿಂದ ಎದ್ದ ಕೂಡಲೇ ಮೊಬೈಲ್ ಹಿಡಿಯದೆ, ಇನ್ನು ಐದು ನಿಮಿಷ ಚಿಂತನಕ್ಕೆ ಮೀಸಲಿಡಬೇಕು. ಉಪನಿಷತ್ತಿನ ಸಂಪ್ರದಾಯವು ಇದನ್ನು ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಹಂತಗಳಲ್ಲಿ ಹೇಳುತ್ತದೆ. ಕೇಳಿದುದನ್ನು ವಿಚಾರಕ್ಕೆ ಒಡ್ಡುವುದು ಮನನ. ವಿಚಾರದಿಂದ ನಿಶ್ಚಿತವಾದುದರಲ್ಲಿ ನೆಲೆನಿಲ್ಲುವುದು ನಿದಿಧ್ಯಾಸನ. ಸಂಸಾರದ ಕಷ್ಟಕ್ಕೂ ಇದು ಅನ್ವಯಿಸುತ್ತದೆ. ಬೆಳೆಗೆ ಬೆಲೆ ಬಾರದೆ ಸಾಲ ಉಳಿದ ರೈತನನ್ನು ನೆನೆಯೋಣ. ಮುಂದೇನು ಗತಿಯೆಂದು ಇರುಳೆಲ್ಲ ಹೊರಳುವುದು ಚಿಂತೆ. ಸಾಲವೆಷ್ಟು, ಯಾರಿಗೆ, ಯಾವಾಗ ಕೊಡಬೇಕು, ಯಾರೊಡನೆ ಮಾತನಾಡಬೇಕು, ಇದರಲ್ಲಿ ನನ್ನ ಕೈಯಲ್ಲಿರುವುದು ಯಾವುದು, ಇಲ್ಲದುದು ಯಾವುದು ಎಂದು ಶಾಂತ ಮನಸ್ಸಿನಿಂದ ಹಾಳೆಯ ಮೇಲೆ ಬರೆಯುವುದು ಚಿಂತನ. ಮಗಳ ಮದುವೆಯ ಖರ್ಚು ಅಗತ್ಯಕ್ಕಾಯಿತೋ, ನೆರೆಯವರ ಕಣ್ಣಿಗಾಯಿತೋ ಎಂದು ತನ್ನನ್ನೇ ಕೇಳಿಕೊಳ್ಳುವುದೂ ಚಿಂತನವೇ. ಸಾಲ ಅಂದೇ ತೀರದು. ಆದರೆ ಮರುದಿನ ಮಾಡಬೇಕಾದ ಒಂದು ಕೆಲಸ ಕಾಣುತ್ತದೆ.

ಚಿಂತನವು ಏಕಾಂತದಲ್ಲಿಯೇ ಮುಗಿಯಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ತಮ್ಮ ಅನುಭಾವವನ್ನು ಗೋಷ್ಠಿಯಲ್ಲಿ ಮುಂದಿಟ್ಟು, ಪ್ರಶ್ನೆಗೊಡ್ಡಿ, ತಿದ್ದಿಕೊಂಡರು. ಒಬ್ಬನೇ ಕುಳಿತು ಯೋಚಿಸಿದಾಗ ಬೆಟ್ಟವಾಗಿ ಕಂಡುದು ಸಜ್ಜನರ ಮುಂದೆ ಹೇಳಿಕೊಂಡಾಗ ಹಗುರವಾಗುವುದುಂಟು. ಮನೆಯ ಹಿರಿಯರೊಡನೆ, ಆಪ್ತರೊಡನೆ ಮಾತನಾಡುವುದಕ್ಕೆ ಸಂಕೋಚಪಡಬಾರದು.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಧ್ಯಾನ ಆರಂಭಿಸಿದೆವೆಂದು ರಕ್ತದೊತ್ತಡ, ಮಧುಮೇಹ, ಮೂರ್ಛೆರೋಗ ಅಥವಾ ಮನೋವ್ಯಾಧಿಯ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಪ್ರಮಾಣವನ್ನು ಬದಲಿಸುವ ಅಧಿಕಾರ ವೈದ್ಯರದು. ಕಣ್ಣಿನ ಕಾಯಿಲೆಯಿರುವವರು ದೃಷ್ಟಿ ನಿಲ್ಲಿಸುವ ಅಭ್ಯಾಸಕ್ಕೆ ಮುನ್ನ ನೇತ್ರವೈದ್ಯರನ್ನು ಕೇಳಬೇಕು. ಕಣ್ಣು ಮುಚ್ಚಿದೊಡನೆ ಹಳೆಯ ಆಘಾತ ಮರುಕಳಿಸಿ ಭಯವಾದರೆ, ಇಲ್ಲದ ಧ್ವನಿಗಳು ಕೇಳಿಸಿದರೆ, ಎರಡು ವಾರಗಳಿಗೂ ಮೀರಿ ಯಾವುದರಲ್ಲಿಯೂ ಆಸಕ್ತಿ ಇಲ್ಲದಂತಾದರೆ ಅಥವಾ ಬದುಕೇ ಬೇಡವೆನಿಸಿದರೆ ಧ್ಯಾನವನ್ನು ಬಿಗಿಗೊಳಿಸದೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದು ಭಕ್ತಿಯ ಕೊರತೆಯೂ ಅಲ್ಲ, ಸಾಧನೆಯ ಸೋಲೂ ಅಲ್ಲ. ದೇಹವನ್ನು ದೇಗುಲವೆಂದು ನಂಬಿದವರು ಆ ದೇಗುಲ ಸೋರುವಾಗ ಸರಿಪಡಿಸುವವರನ್ನು ಕರೆಯಲೇಬೇಕು.

ಸದ್ಭಕ್ತರು ನಾಳಿನ ಪೂಜೆಯನ್ನು ಅವಸರದಲ್ಲಿ ಮುಗಿಸದೆ, ಅದಕ್ಕೆ ಹತ್ತು ನಿಮಿಷಗಳ ಮೌನವನ್ನೂ ಐದು ನಿಮಿಷಗಳ ಚಿಂತನವನ್ನೂ ಸೇರಿಸಿಕೊಳ್ಳಲಿ ಎಂಬುದು ನಮ್ಮ ಹಾರೈಕೆ. ಮನಸ್ಸು ಓಡಿದರೆ ಓಡಲಿ. ಅದನ್ನು ಕರೆತರುವ ಕೆಲಸವಷ್ಟೇ ನಮ್ಮದು.