ಕಳೆ ಮಿಷನ್ ಸ್ಟಾರ್ಟ್ ಆಗದಿದ್ದರೆ ಮೊದಲು ಸ್ಕ್ರೂಗೆ ಕೈ ಹಾಕಬೇಡಿ

ಬೇಸಿಗೆಯಿಡೀ ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಬಿದ್ದಿದ್ದ ಕಳೆ ಕತ್ತರಿಸುವ ಮಿಷನ್, ಮಳೆ ಹಿಡಿದು ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲೆತ್ತರ ಬಂದಾಗ ಹೊರಗೆ ಬರುತ್ತದೆ. ಹಗ್ಗ ಎಳೆದೆಳೆದು ತೋಳು ಸೋಲುತ್ತದೆ. ಚೋಕ್ ಹಾಕಿದರೆ ನಾಲ್ಕು ಸುತ್ತು ತಿರುಗುತ್ತದೆ, ಚೋಕ್ ತೆಗೆದ ಕೂಡಲೇ ಆಫ್. ಆಗ ಬಹಳ ಜನ ಸ್ಕ್ರೂಡ್ರೈವರ್ ತಂದು ಕಾರ್ಬೊರೇಟರಿನ ಸ್ಕ್ರೂ ತಿರುಗಿಸಲು ಶುರುಮಾಡುತ್ತಾರೆ. ಹೋದ ವರ್ಷ ಚೆನ್ನಾಗಿ ಓಡಿದ ಮಿಷನ್ನಿನ ಸೆಟ್ಟಿಂಗ್ ಅಟ್ಟದಲ್ಲಿ ತಾನಾಗಿ ಬದಲಾಗುವುದಿಲ್ಲ. ಕೆಟ್ಟಿರುವುದು ಬೇರೆ.

ಟೂ ಸ್ಟ್ರೋಕ್ ಕಳೆ ಮಿಷನ್ನಿನ ಕಾರ್ಬೊರೇಟರ್ ಹಳೆಯ ಬೈಕಿನದರಂತೆ ಅಲ್ಲ. ಬೈಕಿನದರಲ್ಲಿ ಪೆಟ್ರೋಲಿನ ಮಟ್ಟ ಕಾಯಲು ಫ್ಲೋಟ್ ಇರುತ್ತದೆ. ಇದನ್ನು ಓರೆ ಹಿಡಿದು, ಎತ್ತಿ, ಇಳಿಸಿ ಕೆಲಸ ಮಾಡಬೇಕಾದ್ದರಿಂದ ಫ್ಲೋಟ್ ಆಗುವುದಿಲ್ಲ. ಬದಲಿಗೆ ಎರಡು ತೆಳು ಡಯಾಫ್ರಮ್‌ಗಳಿವೆ. ಮೊದಲನೆಯದು ಪಂಪು: ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಕ್ರ್ಯಾಂಕ್‌ಕೇಸಿನಲ್ಲಿ ಏರಿಳಿಯುವ ಒತ್ತಡಕ್ಕೆ ಬಡಿದುಕೊಳ್ಳುತ್ತ ಟ್ಯಾಂಕಿನಿಂದ ಪೆಟ್ರೋಲು ಸೆಳೆಯುತ್ತದೆ. ಎರಡನೆಯದು ಅಳತೆಯದ್ದು: ಎಂಜಿನ್ ಹೀರಿದಾಗ ಒಳಕ್ಕೆ ಬಾಗಿ, ಪುಟ್ಟ ಲಿವರ್ ಒತ್ತಿ, ಸೂಜಿ ಎಬ್ಬಿಸಿ ಬೇಕಾದಷ್ಟೇ ಪೆಟ್ರೋಲು ಒಳಗೆ ಬಿಡುತ್ತದೆ. ಹಳತಾದ ಡಯಾಫ್ರಮ್ ಹಪ್ಪಳದಂತೆ ಬಿರುಸಾಗಿ ಸರಿಯಾಗಿ ಬಾಗುವುದಿಲ್ಲ. ಪೆಟ್ರೋಲು ಕಡಿಮೆ ಬೀಳುತ್ತದೆ. ಚೋಕ್ ಹಾಕಿದರೆ ಗಾಳಿ ಕಡಿಮೆಯಾಗಿ ಎಳೆತ ಜೋರಾಗುವುದರಿಂದ ಹೇಗೋ ಓಡುತ್ತದೆ. ಚೋಕ್ ಇದ್ದರೆ ಮಾತ್ರ ಓಡುತ್ತದೆ ಎಂದರೆ ಪೆಟ್ರೋಲು ಸಾಲುತ್ತಿಲ್ಲ ಎಂದೇ ಲೆಕ್ಕ.

ಹಾಗೆಂದು ನೇರ ಕಾರ್ಬೊರೇಟರ್ ಬಿಚ್ಚಬೇಡಿ. ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ನೋಡಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಹೀರುವುದು ಆ ತಳದಿಂದಲೇ. ಹಳೆಯದನ್ನು ತೆಗೆದು ಹೊಸದು ತುಂಬಿದರೆ ಎಷ್ಟೋ ಮಿಷನ್ ಅಲ್ಲಿಗೇ ಸರಿಹೋಗುತ್ತವೆ. ಆಮೇಲೆ ಬಗ್ಗಿಸಿದ ತಂತಿಯಿಂದ ಟ್ಯಾಂಕಿನೊಳಗಿನ ಫಿಲ್ಟರ್ ಎಳೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ. ಪೈಪು ಬಿರುಕು ಬಿಟ್ಟಿದೆಯೇ, ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ ಎಂದೂ ನೋಡಿ. ಹತ್ತು ನಿಮಿಷ ಓಡಿ ನಿಲ್ಲುತ್ತಿದ್ದರೆ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲಿಸಿ. ಮತ್ತೆ ಓಡಿದರೆ ಗಾಳಿ ಹೋಗುವ ತೂತು ಕಟ್ಟಿದೆ ಎಂದರ್ಥ. ಐಡಲಿನಲ್ಲಿ ಸರಿ, ರೇಸ್ ಕೊಟ್ಟರೆ ಏರುತ್ತಿಲ್ಲ ಎಂದಾದರೆ ಸೈಲೆನ್ಸರಿನ ಜಾಲರಿಯಲ್ಲಿ ಮಸಿ ಕಟ್ಟಿದೆಯೇ ನೋಡಿ.

ಇಷ್ಟಾದ ಮೇಲೂ ಜಗ್ಗದಿದ್ದರೆ ಕಾರ್ಬೊರೇಟರ್ ಬಿಚ್ಚಬಹುದು. ಎಂಜಿನ್ ತಣ್ಣಗಿರಲಿ, ಕೆಲಸ ಬಯಲಲ್ಲಿ ನಡೆಯಲಿ, ಹತ್ತಿರ ಬೀಡಿ ಬೆಂಕಿ ಬೇಡ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಡಯಾಫ್ರಮ್ ಮತ್ತು ಗ್ಯಾಸ್ಕೆಟ್ ಕೂರುವ ಕ್ರಮ ಎರಡು ಬದಿಗೂ ಬೇರೆ. ಅದಲು ಬದಲಾದರೆ ಪೆಟ್ರೋಲೇ ಬರುವುದಿಲ್ಲ. ಪಂಪಿನ ಮುಚ್ಚಳದ ಕೆಳಗೆ ಉಗುರಿಗಿಂತ ಚಿಕ್ಕ ಜಾಲರಿ ಇರುತ್ತದೆ. ಅದರ ಮೇಲೆ ಅಂಟು ಕೂತಿದ್ದರೆ ಕಳ್ಳ ಸಿಕ್ಕ ಹಾಗೆಯೇ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವ ಮೊದಲು ರಬ್ಬರಿನ ಭಾಗಗಳನ್ನೆಲ್ಲ ತೆಗೆಯಿರಿ. ಜೆಟ್ಟಿನ ತೂತಿಗೆ ಸೂಜಿ, ತಂತಿ ಹಾಕಬೇಡಿ. ಹಿತ್ತಾಳೆ ಸವೆದು ತೂತು ದೊಡ್ಡದಾದರೆ ಅಳತೆ ಶಾಶ್ವತವಾಗಿ ಕೆಡುತ್ತದೆ. ಸೂಜಿಯ ಲಿವರನ್ನೂ ಬಗ್ಗಿಸಬೇಡಿ. ಬಿರುಸಾದ ಡಯಾಫ್ರಮ್ ತೊಳೆದು ಪ್ರಯೋಜನವಿಲ್ಲ, ನಿಮ್ಮ ಮಾಡೆಲ್ಲಿನ ರಿಪೇರಿ ಕಿಟ್ ತಂದು ಹಾಕಿ.

ಸ್ಕ್ರೂಗಳ ಸರದಿ ಇಷ್ಟಾದ ಮೇಲೆ. ಎಲ್ ಎಂದು ಗುರುತಿರುವುದು ಕಡಿಮೆ ರೇಸಿಗೆ, ಎಚ್ ಪೂರ್ತಿ ರೇಸಿಗೆ, ಮೂರನೆಯದು ಐಡಲಿಗೆ. ಎಲ್, ಎಚ್ ಬಿಚ್ಚುವುದಾದರೆ ಮೊದಲು ಹಗುರವಾಗಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಎಣಿಸಿ ಬರೆದಿಟ್ಟುಕೊಳ್ಳಿ. ಕೂಡಿಸುವಾಗ ಅದೇ ಅಳತೆಗೆ ತನ್ನಿ. ಎಚ್ ಸ್ಕ್ರೂವನ್ನು ತೀರಾ ಒಳಕ್ಕೆ ತಿರುಗಿಸಿದರೆ ಮಿಷನ್ ಕಿವಿ ಕೊರೆಯುವಂತೆ ಕಿರುಚುತ್ತ ಜೋರಾಗಿ ಓಡುತ್ತದೆ. ಬಹಳ ಜನ ಅದನ್ನೇ ಒಳ್ಳೆಯ ಪಿಕಪ್ ಅಂದುಕೊಳ್ಳುತ್ತಾರೆ. ಟೂ ಸ್ಟ್ರೋಕಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲು ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿ ವಿಪರೀತ, ಕೊನೆಗೆ ಪಿಸ್ಟನ್ ಸೀಜ್. ಸ್ವಲ್ಪ ಹೊಗೆ ಬಂದರೂ ಪರವಾಗಿಲ್ಲ, ಕಿರುಚಾಟ ಬೇಡ. ಐಡಲಿನಲ್ಲಿ ಬ್ಲೇಡ್ ತಿರುಗಬಾರದು. ತಿರುಗಿದರೆ ಐಡಲ್ ಇಳಿಸಿ, ಆಗಲೂ ನಿಲ್ಲದಿದ್ದರೆ ಕ್ಲಚ್ ನೋಡಿಸಿ.

ಆಯಿಲ್ ಬೆರೆಸುವಾಗ ಅಂದಾಜು ಬೇಡ. 50:1 ಅಂದರೆ ಲೀಟರಿಗೆ 20 ಮಿ.ಲೀ., 25:1 ಅಂದರೆ 40 ಮಿ.ಲೀ. ಯಾವುದು ಎಂದು ನಿಮ್ಮ ಮಿಷನ್ನಿನ ಪುಸ್ತಕದಲ್ಲಿ ಇರುತ್ತದೆ. ತಿಂಗಳೊಳಗೆ ಖರ್ಚಾಗುವಷ್ಟೇ ಬೆರೆಸಿ. ಹಂಗಾಮು ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಐಡಲಿನಲ್ಲಿ ಬಿಡಿ, ಆಮೇಲೆ ಅಟ್ಟಕ್ಕೆ ಏರಿಸಿ.