ಡೆನ್ಮಾರ್ಕ್ ಇಟ್ಟಿಗೆ, ಹಲಸೂರು ರೇಟು

ಹಳೇ ಮಿಕ್ಸಿ ಒಂದನ್ನ ಕೊಟ್ಟು ಬರೋಣ ಅಂತ ಹಲಸೂರಿನ ಗಲ್ಲಿಯೊಂದರ ಗುಜರಿ ಅಂಗಡಿಗೆ ಹೋಗಿದ್ದೆ. ಜೊತೆಯಲ್ಲಿ ಪರಿಚಯದವರೊಬ್ಬರು ಇದ್ರು. ಕೆ.ಆರ್. ಪುರದ ಕಡೆ ಅಪಾರ್ಟ್‌ಮೆಂಟ್, ಸಾಫ್ಟ್‌ವೇರ್ ಕೆಲಸ, ವಯಸ್ಸು ನಲವತ್ತು ದಾಟಿದೆ. ನಾನು ಮಿಕ್ಸಿಗೆ ಚೌಕಾಸಿ ಮಾಡ್ತಾ ಇದ್ದೀನಿ, ಇವರು ಮಾತೇ ಆಡ್ತಿಲ್ಲ. ತಿರುಗಿ ನೋಡಿದ್ರೆ ಪ್ಲಾಸ್ಟಿಕ್ ರಾಶಿ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಅಕ್ಕಿ ಚೀಲದೊಳಗೆ ಕೈ ಹಾಕಿದ್ದಾರೆ. ಒಳಗಿಂದ ಜರ್ರ್ ಅಂತ ಸದ್ದು. "ಇದೇನಣ್ಣ ರೇಟು?" ಅಂದ್ರು. "ಪ್ಲಾಸ್ಟಿಕ್ಕು ಸಾರ್, ತೂಕಕ್ಕೆ" ಅಂದ ಅಂಗಡಿಯವನು. ಎರಡಂಕಿಯ ರೇಟು, ಅದೂ ಕಿಲೋಗೆ.

ಚೀಲದಲ್ಲಿ ಇದ್ದಿದ್ದು ಲೆಗೋ. ಮಕ್ಕಳು ಜೋಡಿಸಿ ಆಡೋ ಬಣ್ಣದ ಪ್ಲಾಸ್ಟಿಕ್ ಇಟ್ಟಿಗೆ. ಮಾಲ್‌ನಲ್ಲಿ ಕೊಳ್ಳೋಕೆ ಹೋದ್ರೆ ಒಂದು ಒಳ್ಳೆ ಡಬ್ಬಿಗೆ ಸಾವಿರಗಳ ಲೆಕ್ಕ, ದೊಡ್ಡದಾದ್ರೆ ಹತ್ತಾರು ಸಾವಿರ. ಅದೇ ವಸ್ತು ಇಲ್ಲಿ ಒಡೆದ ಬಕೆಟ್ಟು, ಶಾಂಪೂ ಡಬ್ಬಿ ಜೊತೆ ತಕ್ಕಡಿಗೆ ಬೀಳ್ತಾ ಇದೆ. ಇದು ಹೇಗೆ ಸಾಧ್ಯ? ಇವತ್ತಿನ ವಿಷಯ ಇದೇ.

ಮೊದಲು ಇದು ಇಷ್ಟು ದುಬಾರಿ ಯಾಕೆ ಅಂತ ನೋಡೋಣ. ಕಂಪನಿ ಡೆನ್ಮಾರ್ಕ್‌ನದು. ಬಿಲ್ಲುಂಡ್ ಅನ್ನೋ ಸಣ್ಣ ಊರಲ್ಲಿ 1932ರಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಅನ್ನೋ ಬಡಗಿ ಶುರು ಮಾಡಿದ್ದು. ಆಗ ಮರದ ಆಟಿಕೆ, ನಮ್ಮ ಚನ್ನಪಟ್ಟಣದವರ ಹಾಗೆ. ಆಮೇಲೆ ಪ್ಲಾಸ್ಟಿಕ್ ಬಂತು. ಇವತ್ತಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಬಿದ್ದಿದ್ದು 1958ರ ಜನವರಿ 28ಕ್ಕೆ. ಕಾರ್ಖಾನೆ ಭಾರತದಲ್ಲಿಲ್ಲ, ಎಲ್ಲಾ ಹೊರಗಿಂದಲೇ ಬರಬೇಕು. ಇನ್ನು ನಮ್ಮ ಸರ್ಕಾರ ಆಟಿಕೆ ಮೇಲಿನ ಆಮದು ಸುಂಕವನ್ನ 2020ರಲ್ಲಿ ಶೇ. 20ರಿಂದ ಒಂದೇ ಏಟಿಗೆ 60ಕ್ಕೆ ಏರಿಸ್ತು. 2023ರ ಬಜೆಟ್‌ನಲ್ಲಿ 70 ಮಾಡ್ತು. ನೂರು ರೂಪಾಯಿ ಸಾಮಾನು ಬಂದರು ದಾಟೋ ಹೊತ್ತಿಗೇ ನೂರಾ ಎಪ್ಪತ್ತು. ಅದರ ಮೇಲೆ ಜಿಎಸ್‌ಟಿ, ಡೀಲರ್ ಲಾಭ, ಮಾಲ್ ಬಾಡಿಗೆ. ಉದ್ದೇಶ ಏನು ಅಂದ್ರೆ ಚೀನಾದ ಕಳಪೆ ಆಟಿಕೆ ತಡೆಯೋದು, ಇಲ್ಲಿ ಕಾರ್ಖಾನೆ ಬೆಳೆಸೋದು. ಕೊಪ್ಪಳದಲ್ಲಿ ಆಟಿಕೆ ಕ್ಲಸ್ಟರ್ ಬಂದಿದ್ದೂ ಇದೇ ಕಾಲದಲ್ಲಿ. ಉದ್ದೇಶದ ಬಗ್ಗೆ ತಕರಾರಿಲ್ಲ. ಆದ್ರೆ ಸುಂಕದ ಬಿಸಿ ತಟ್ಟಿದ್ದು ಮಧ್ಯಮ ವರ್ಗದ ಅಪ್ಪ ಅಮ್ಮಂದಿರಿಗೆ. ಹೊಸದು ಕೈಗೆಟುಕಲ್ಲ ಅಂದಾಗ ಹಳೆಯದರ ಹುಡುಕಾಟ ಶುರುವಾಗುತ್ತೆ, ಸಹಜ.

ಆಟಿಕೆ ಸೆಕೆಂಡ್ ಹ್ಯಾಂಡ್ ಕೊಳ್ಳೋದು ಅಂದ್ರೆ ಮೂಗು ಮುರಿಯೋರಿದ್ದಾರೆ. ಗೊಂಬೆ, ರಿಮೋಟ್ ಕಾರು ಆಗಿದ್ರೆ ನಾನೂ ಮುರೀತಿದ್ದೆ. ಈ ಇಟ್ಟಿಗೆ ವಿಷಯ ಬೇರೆ. 1963ರಿಂದ ಇದನ್ನ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮಾಡ್ತಾರೆ. ಅಚ್ಚಿನ ಅಳತೆ ಹೆಚ್ಚು ಕಮ್ಮಿ ಆದ್ರೆ ಮಿಲಿಮೀಟರ್‌ನ ನೂರನೇ ಒಂದು ಭಾಗದಷ್ಟು. ಹಾಗಾಗಿ 1958ರ ಇಟ್ಟಿಗೆಗೆ ಇವತ್ತಿನ ಇಟ್ಟಿಗೆ ಟಕ್ ಅಂತ ಕೂರುತ್ತೆ. ಎಂಟು ಉಬ್ಬಿರೋ ಒಂದೇ ಬಣ್ಣದ ಆರು ಇಟ್ಟಿಗೆ ಇದ್ರೆ ಅದನ್ನ 91 ಕೋಟಿ 51 ಲಕ್ಷಕ್ಕೂ ಹೆಚ್ಚು ರೀತಿಯಲ್ಲಿ ಜೋಡಿಸಬಹುದು ಅಂತ ಗಣಿತದವರು ಲೆಕ್ಕ ಹಾಕಿದ್ದಾರೆ. ಬರೀ ಆರಕ್ಕೆ! ಹಳೇದಾದ ಮಾತ್ರಕ್ಕೆ ಇದರ ಆಟ ಹಳೇದಾಗಲ್ಲ. ಪ್ಲಿಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಸಮುದ್ರ ತೀರದಲ್ಲಿ ಸಿಕ್ಕ ಇಟ್ಟಿಗೆಗಳನ್ನ ಪರೀಕ್ಷೆ ಮಾಡಿ, ಇವು ನೀರಲ್ಲಿ ನೂರರಿಂದ ಸಾವಿರದ ಮುನ್ನೂರು ವರ್ಷ ಉಳಿಯಬಹುದು ಅಂದ್ರು. ಪರಿಸರದವರಿಗೆ ಇದು ಕೆಟ್ಟ ಸುದ್ದಿ. ಹಳೇದನ್ನ ಕೊಳ್ಳೋರಿಗೆ ಒಳ್ಳೇದು.

ಈಗ ಹುಡುಕೋದು ಎಲ್ಲಿ? ಬೆಂಗಳೂರಿನ ಪೂರ್ವ ಭಾಗದಲ್ಲಿ ಇದಕ್ಕೆ ಒಂದು ಭೂಗೋಳವೇ ಇದೆ. ಇಂದಿರಾನಗರದ ಹಳೇ ಮನೆಗಳು. ಮಕ್ಕಳು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿ ವರ್ಷಗಳಾಗಿವೆ, ಎಂಬತ್ತರ ದಶಕದಲ್ಲಿ ದುಬೈಯಿಂದ ಮಾವ ತಂದುಕೊಟ್ಟ ಡಬ್ಬಿ ಅಟ್ಟದ ಮೇಲೇ ಇದೆ. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋಕೆ ಕೊಟ್ಟಾಗ ಅದು ಕೆಳಗಿಳಿಯುತ್ತೆ. ಕೆ.ಆರ್. ಪುರದ ಕಡೆಗೆ ಹೋದ್ರೆ ಹೊಸ ಅಪಾರ್ಟ್‌ಮೆಂಟ್‌ಗಳು. ಅಲ್ಲಿ ವಾಟ್ಸಾಪ್ ಗ್ರೂಪೇ ಸಂತೆ. ವರ್ಗಾವಣೆ ಆದವರು ಮಂಚ, ಸೈಕಲ್ ಜೊತೆ ಆಟಿಕೆ ಫೋಟೋನೂ ಹಾಕ್ತಾರೆ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡೋಕೆ ಶುರುವಾದ ಮೇಲೆ ಸಾಮಾನು ಕೈ ಬದಲಾಯಿಸೋ ಜಾಗ ಮೆಟ್ರೋ ಗೇಟು. ಒಬ್ಬರು ಚೀಲ ಕೊಟ್ಟು, ಇನ್ನೊಬ್ಬರು ಫೋನಲ್ಲಿ ದುಡ್ಡು ಹಾಕಿ, ಎರಡು ನಿಮಿಷದಲ್ಲಿ ಇಬ್ಬರೂ ಮಾಯ. ಇನ್ನು ಶಿವಾಜಿನಗರ, ಹಲಸೂರಿನ ಗುಜರಿ. ಅಲ್ಲಿ ದಿನಾ ಹೋದ್ರೆ ದಿನಾ ಸಿಗಲ್ಲ. ಶಿವಾಜಿನಗರದಲ್ಲಿ ಗುಜರಿ ಅಂದ್ರೆ ಮುಖ್ಯವಾಗಿ ಗಾಡಿ ಬಿಡಿಭಾಗ, ಆಟಿಕೆ ಕಣ್ಣಿಗೆ ಬೀಳೋದು ಅಪರೂಪಕ್ಕೆ.

ಮಾಲ್‌ನ ಡಿಸ್ಕೌಂಟ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಕಂಪನಿ ಒಂದು ಸೆಟ್ಟನ್ನ ಸಾಮಾನ್ಯವಾಗಿ ಒಂದೆರಡು ವರ್ಷ ಮಾರಿ ನಿಲ್ಲಿಸಿಬಿಡುತ್ತೆ. ನಿಲ್ಲಿಸೋ ಮುಂಚೆ ಉಳಿದ ಸ್ಟಾಕ್ ಖಾಲಿ ಮಾಡ್ತಾರೆ, ಡಬ್ಬಿ ಮೂಲೆ ನಗ್ಗಿದ್ರೆ ಇನ್ನಷ್ಟು ಇಳಿಸ್ತಾರೆ. ಆಡೋ ಮಗುವಿಗೆ ಡಬ್ಬಿ ನಗ್ಗಿದ್ರೆ ಏನು? "ಶೇ. 50 ರಿಯಾಯಿತಿ" ಅನ್ನೋ ಬೋರ್ಡು ನೋಡಿ ಮಾತ್ರ ಕುಣಿಬೇಡಿ. ಎಂಆರ್‌ಪಿ ಮೊದಲೇ ಎಷ್ಟಿತ್ತು ಅನ್ನೋದನ್ನ ನೋಡಿ. ಬೆಲೆಯನ್ನ ಪೀಸ್‌ಗಳ ಸಂಖ್ಯೆಯಿಂದ ಭಾಗಿಸಿ, ಅದೇ ಥರದ ಇನ್ನೊಂದು ಸೆಟ್ ಜೊತೆ ಹೋಲಿಸಿ. ಅದ್ರಲ್ಲೂ ಒಂದು ಮೋಸ ಇದೆ, ಉಗುರಿನಷ್ಟು ಚಿಕ್ಕ ಪೀಸ್ ಜಾಸ್ತಿ ತುಂಬಿದ್ರೆ ಸಂಖ್ಯೆ ದೊಡ್ಡದಾಗಿ ಕಾಣುತ್ತೆ.

ಗುಜರಿ ಚೀಲಕ್ಕೆ ವಾಪಸ್ ಬರೋಣ. ನನ್ನ ಸ್ನೇಹಿತರು ಏನು ಮಾಡ್ತಿದ್ರು ಗೊತ್ತಾ? ಒಂದೊಂದೇ ಇಟ್ಟಿಗೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡೀತಿದ್ರು. ಅಸಲಿ ಇಟ್ಟಿಗೆಯ ಪ್ರತಿ ಉಬ್ಬಿನ ಮೇಲೂ ಕಂಪನಿ ಹೆಸರು ಸಣ್ಣದಾಗಿ ಅಚ್ಚಾಗಿರುತ್ತೆ. ಹೆಸರಿಲ್ಲ ಅಂದ್ರೆ ಬೇರೆಯವರದು. ಬೇರೆಯವರದು ಅಂದ ತಕ್ಷಣ ಕಳ್ಳಮಾಲು ಅಲ್ಲ, ಇದನ್ನ ಸರಿಯಾಗಿ ಅರ್ಥ ಮಾಡ್ಕೋಬೇಕು. ಇಟ್ಟಿಗೆ ಮೇಲಿನ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಆ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡ್ಕೊಳ್ಳೋಕೆ ಹೋದಾಗ ಯುರೋಪಿನ ನ್ಯಾಯಾಲಯ 2010ರಲ್ಲಿ ಆಗಲ್ಲ ಅಂದುಬಿಡ್ತು. ಹೊಂದೋ ಇಟ್ಟಿಗೆ ಯಾರು ಬೇಕಾದ್ರೂ ಮಾಡಬಹುದು. ಆದ್ರೆ ಸೆಟ್‌ಗಳನ್ನೇ ಡಬ್ಬಿ ಸಮೇತ ನಕಲು ಹೊಡೆದ ಲೆಪಿನ್ ಅನ್ನೋ ಚೀನೀ ಬ್ರ್ಯಾಂಡ್ ಮೇಲೆ 2019ರಲ್ಲಿ ಚೀನಾ ಪೊಲೀಸರೇ ದಾಳಿ ಮಾಡಿದ್ರು, ಮುಖ್ಯಸ್ಥನಿಗೆ ಆರು ವರ್ಷ ಜೈಲಾಯ್ತು. ಆ ಮಾಲು ನಮ್ಮ ಊರಿಗೆ ಬಂದಿಲ್ಲ ಅಂತ ಯಾರೂ ಹೇಳೋಕಾಗಲ್ಲ.

ಆಮೇಲೆ ತೂಕದ ಲೆಕ್ಕ. ಎಂಟು ಉಬ್ಬಿನ ಇಟ್ಟಿಗೆ ಒಂದಕ್ಕೆ ಸುಮಾರು ಎರಡೂಕಾಲು ಗ್ರಾಂ. ಕಿಲೋಗೆ ನಾನೂರಕ್ಕೂ ಮೇಲೆ ಬರುತ್ತೆ, ಸಣ್ಣ ಪೀಸ್ ಬೆರೆತಿದ್ರೆ ಇನ್ನೂ ಜಾಸ್ತಿ. ಆದ್ರೆ ಸಂಗ್ರಹಕಾರರ ಕಣ್ಣು ಇಟ್ಟಿಗೆ ಮೇಲಿರಲ್ಲ, ಪುಟ್ಟ ಬೊಂಬೆಗಳ ಮೇಲಿರುತ್ತೆ. 1978ರಿಂದ ಬರ್ತಿರೋ ಆ ಹಳದಿ ಮುಖದ ಬೊಂಬೆ. 2013ರಲ್ಲಿ ಚಿನ್ನದ ಬಣ್ಣದ ಬೊಂಬೆಯೊಂದನ್ನ ಇಡೀ ಪ್ರಪಂಚಕ್ಕೆ ಐದೇ ಸಾವಿರ ಬಿಟ್ಟಿದ್ರು. ಅಂಥದ್ದು ಸಿಕ್ಕವನು ಲಾಟರಿ ಹೊಡೆದ ಹಾಗೆ. ಬಿಡಿ ಪೀಸ್‌ಗಳಿಗೇ ಬ್ರಿಕ್‌ಲಿಂಕ್ ಅನ್ನೋ ಜಾಗತಿಕ ಮಾರುಕಟ್ಟೆ ಇದೆ. 2019ರಲ್ಲಿ ಲೆಗೋ ಕಂಪನಿಯೇ ಅದನ್ನ ಕೊಂಡುಕೊಳ್ತು. ಹಳೇ ಮಾಲಿನಲ್ಲಿ ಎಷ್ಟು ದುಡ್ಡಿದೆ ಅಂತ ಕಂಪನಿಗೂ ಗೊತ್ತು.

ಹಾಗಾದ್ರೆ ಇದನ್ನ ಕೊಂಡಿಟ್ರೆ ಚಿನ್ನದ ಥರ ಬೆಳೆಯುತ್ತಾ? ಮಾಸ್ಕೋದ ಅರ್ಥಶಾಸ್ತ್ರ ವಿಶ್ವವಿದ್ಯಾಲಯದ ಸಂಶೋಧಕರು 1987ರಿಂದ 2015ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಸೆಟ್‌ಗಳ ಬೆಲೆ ನೋಡಿ, ಸರಾಸರಿ ವರ್ಷಕ್ಕೆ ಶೇ. 11ರ ಆಸುಪಾಸು ಲಾಭ ಅಂದ್ರು. ಸರಾಸರಿ ಅನ್ನೋ ಪದ ಗಮನಿಸಿ. ನಮ್ಮ ತಾಜ್ ಮಹಲ್ ಕಥೆ ಕೇಳಿ. 2008ರಲ್ಲಿ 5,922 ಪೀಸ್‌ನ ತಾಜ್ ಮಹಲ್ ಸೆಟ್ ಬಂತು. ಬೆಲೆ ಮುನ್ನೂರು ಡಾಲರ್. ತಯಾರಿಕೆ ನಿಂತ ಮೇಲೆ ಸೀಲ್ ಒಡೆಯದ ಡಬ್ಬಿ ಸಾವಿರಾರು ಡಾಲರ್‌ಗೆ ಹೋಯ್ತು. ಕೊಂಡಿಟ್ಟವರೆಲ್ಲ ಮೀಸೆ ತಿರುವಿದ್ರು. 2017ರ ನವೆಂಬರ್‌ನಲ್ಲಿ ಕಂಪನಿ ಅದೇ ತಾಜ್ ಮಹಲನ್ನ ಮತ್ತೆ ಬಿಡ್ತು, ಒಂದೇ ಒಂದು ಪೀಸ್ ಜಾಸ್ತಿ ಹಾಕಿ, 370 ಡಾಲರ್‌ಗೆ! ಹಳೇ ಡಬ್ಬಿಯ ಬೆಲೆ ಕುಸಿದುಬಿತ್ತು. ಷಹಜಹಾನ್ ಕಟ್ಟಿಸಿದ್ದು ಒಂದೇ ಒಂದು, ಕಂಪನಿಗೆ ಆ ಕಟ್ಟುಪಾಡಿಲ್ಲ.

ಚೀಲ ಕೊಳ್ಳೋರಿಗೆ ಇನ್ನೊಂದು ಎಚ್ಚರಿಕೆ, ಇದು ಗಂಭೀರವಾದದ್ದು. ಪ್ಲಿಮತ್‌ನ ಅದೇ ವಿಶ್ವವಿದ್ಯಾಲಯ 2018ರಲ್ಲಿ ಇನ್ನೂರು ಹಳೇ ಪ್ಲಾಸ್ಟಿಕ್ ಆಟಿಕೆ ಪರೀಕ್ಷೆ ಮಾಡ್ತು. ಕ್ಯಾಡ್ಮಿಯಂ, ಸೀಸದಂಥ ವಿಷಕಾರಿ ಧಾತು ಸಿಕ್ಕಿದ್ದು ಮುಖ್ಯವಾಗಿ ಹಳದಿ, ಕೆಂಪು, ಕಪ್ಪು ಬಣ್ಣದವುಗಳಲ್ಲಿ. ಎಪ್ಪತ್ತು ಎಂಬತ್ತರ ದಶಕದ ಕೆಂಪು, ಹಳದಿ ಇಟ್ಟಿಗೆಗಳೂ ಅದರಲ್ಲಿ ಸೇರಿವೆ. ಅಟ್ಟದಿಂದ ಇಳಿದ ಎಂಬತ್ತರ ದಶಕದ ಡಬ್ಬಿ ಶೋಕೇಸಿಗೆ ಸರಿ, ಎಲ್ಲವನ್ನೂ ಬಾಯಿಗೆ ಹಾಕೋ ಕೂಸಿನ ಕೈಗೆ ಬೇಡ. ಈಗ ಅಂಗಡಿಯಲ್ಲಿ ಮಾರೋ ಹೊಸ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ, ಗುಜರಿ ಚೀಲಕ್ಕೆ ಯಾವ ಗುರುತು? ಹೊಸ ಕಾಲದ್ದು ಅಂತ ಖಾತ್ರಿಯಾದ್ರೂ ಸೋಪು ನೀರಲ್ಲಿ ಕೈಯಿಂದ ತೊಳೀಬೇಕು. ನೀರು ಉಗುರು ಬೆಚ್ಚಗಿದ್ರೆ ಸಾಕು, 40 ಡಿಗ್ರಿ ದಾಟಿದ್ರೆ ಆಕಾರ ಕೆಡೋ ಅಪಾಯ. ಬಿಸಿಲಿಗೂ ಇಡಬೇಡಿ, ಬಿಳಿ ಇಟ್ಟಿಗೆ ಹಳದಿ ತಿರುಗುತ್ತೆ.

ನನಗೆ ಆ ದಿನ ಕೊರೆದ ಪ್ರಶ್ನೆ ಬೇರೆ. ಈ ಚೀಲ ಇಲ್ಲಿಗೆ ಬಂದಿದ್ದು ಹೇಗೆ? ಅಂಗಡಿಯವನನ್ನೇ ಕೇಳಿದೆ. "ಮನೆ ಕೆಲಸದ ಅಕ್ಕ ತಂದು ಕೊಟ್ಟಿದ್ದು ಸಾರ್. ಅಮ್ಮಾವ್ರು ಮನೆ ಖಾಲಿ ಮಾಡ್ತಾ ಕೊಟ್ರಂತೆ." ಅಂದ್ರೆ ನೋಡಿ, ಬೆಲೆ ಗೊತ್ತಿದ್ದ ಮನೆಯವರು ದಾನ ಕೊಟ್ಟೆ ಅಂದ್ಕೊಂಡ್ರು. ಆ ಹೆಂಗಸಿಗೆ ಅದು ಪ್ಲಾಸ್ಟಿಕ್ಕು, ಬಸ್ ಚಾರ್ಜಿನಷ್ಟು ಸಿಕ್ತು. ಗುಜರಿಯವನಿಗೆ ಕಿಲೋಗೆ ಐದೋ ಹತ್ತೋ ಲಾಭ. ಪೂರ್ತಿ ಬೆಲೆ ಬರೋದು ಕೊನೆಯಲ್ಲಿ ಕೂತ, ಉಬ್ಬಿನ ಮೇಲಿನ ಹೆಸರು ಓದೋಕೆ ಬರೋ ಮನುಷ್ಯನಿಗೆ. ಇದು ಕಳ್ಳತನ ಅಲ್ಲ, ಒಪ್ತೀನಿ. ಹಳೇ ಪುಸ್ತಕದ ರಾಶಿಯಲ್ಲಿ ಮೊದಲ ಮುದ್ರಣ ಹುಡುಕೋ ನಾನೂ ಇದೇ ಕೆಲಸ ಮಾಡಿದ್ದೀನಿ. ಆದ್ರೂ ಹತ್ತು ಮನೆ ಪಾತ್ರೆ ತೊಳೆಯೋ ಹೆಂಗಸಿನ ಅಜ್ಞಾನದಿಂದ ಬಂದ ಲಾಭವನ್ನ "ಸೂಪರ್ ಡೀಲ್" ಅಂತ ಗ್ರೂಪಲ್ಲಿ ಹಾಕ್ಕೊಳ್ಳೋದು ನನಗೆ ಸರಿ ಕಾಣಲ್ಲ. ಕೊಡೋ ಮನೆಯವರಾದ್ರೂ ಒಂದು ಮಾತು ಹೇಳಬಹುದಿತ್ತು, "ಇದಕ್ಕೆ ಇಷ್ಟು ಬೆಲೆ ಇದೆ ಕಣಮ್ಮ, ಸುಮ್ನೆ ಗುಜರಿಗೆ ಹಾಕ್ಬೇಡ" ಅಂತ.

ನನ್ನ ಸ್ನೇಹಿತರಿಗೂ ಮುಜುಗರ ಆಯ್ತೋ ಏನೋ, ತೂಕದ ರೇಟಿಗೆ ಹತ್ತು ಪಟ್ಟು ಕೊಟ್ರು. ಅರ್ಧ ಆ ಅಕ್ಕನಿಗೆ ಕೊಡು ಅಂದ್ರು. ಕೊಟ್ನೋ ಇಲ್ವೋ ದೇವರಿಗೇ ಗೊತ್ತು. ಅಂಗಡಿಯವನು ನೋಟು ಎಣಿಸಿದ, ಚೀಲ ನೋಡಿದ, ಒಂದು ಇಟ್ಟಿಗೆ ಎತ್ತಿ ಉಗುರಲ್ಲಿ ಉಬ್ಬು ಸವರಿದ. "ಇದ್ರ ಮೇಲೆ ಏನೋ ಬರ್ದದೆ ಅಲ್ವಾ ಸಾರ್? ಇನ್ಮೇಲೆ ಬರ್ದಿರೋದಕ್ಕೆ ಬೇರೆ ರೇಟು." ಹೊರಡೋ ಮುಂಚೆ ಸ್ನೇಹಿತರು ಮೆಲ್ಲಗೆ ಕೇಳಿದ್ರು, "ಇದ್ರಲ್ಲಿ ಸಣ್ಣ ಸಣ್ಣ ಬೊಂಬೆ ಇರ್ಬೇಕಿತ್ತಲ್ಲಣ್ಣ, ಒಂದೂ ಇಲ್ಲ?"

"ಅದು ಮಾರೋದಿಲ್ಲ ಸಾರ್. ನನ್ ಮಗಳು ಎತ್ತಿಟ್ಕೊಂಡವ್ಳೆ."