ಶಾಲೆಗೆ ಮಳೆ ರಜೆ, ಸಂದರ್ಶನಕ್ಕಲ್ಲ: ಮಲೆನಾಡಿನಿಂದ ಕೆಲಸ ಕೇಳಲು ಹೊರಡುವವರು ತಿಳಿದಿರಬೇಕಾದ್ದು

ಮುಂಗಾರು ಜೋರಾದರೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಸಂಜೆಯಾಗುತ್ತಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: 'ನಾಳೆ ರಜೆ ಕೊಟ್ರಾ?' ಆದೇಶ ಬಂದರೆ ಸಾಮಾನ್ಯವಾಗಿ ಅಂಗನವಾಡಿ, ಶಾಲೆ, ಪಿಯು ಕಾಲೇಜುಗಳಿಗೆ ರಜೆ. ಆದರೆ ಮರುದಿನ ಕೆಲಸದ ಸಂದರ್ಶನ ಇರುವವರಿಗೆ ಆ ಆದೇಶದಿಂದ ಏನೂ ಬದಲಾಗುವುದಿಲ್ಲ. ಕಚೇರಿ, ಆಸ್ಪತ್ರೆ, ಕಂಪನಿ, ಅಂಗಡಿಗಳು ಎಂದಿನಂತೆ ತೆರೆದಿರುತ್ತವೆ. ಸಂದರ್ಶನ ಮುಂದಕ್ಕೆ ಹೋಗಿದೆ ಎಂದು ಕರೆದವರೇ ಹೇಳಬೇಕು. ಹೇಳಿಲ್ಲ ಅಂದ್ರೆ ಇದೆ ಅಂತಲೇ ಅರ್ಥ.

ಗುತ್ತಿಗೆ ಹುದ್ದೆಗಳ ನೇರ ಸಂದರ್ಶನದಲ್ಲಂತೂ ಇದು ಇನ್ನೂ ಬಿಗಿ. ಪ್ರಕಟಣೆಯಲ್ಲಿ ಕೊಟ್ಟ ಸಮಯದೊಳಗೆ ಹೆಸರು ನೋಂದಾಯಿಸಬೇಕು. ಆ ಸಮಯ ಮೀರಿದ ಮೇಲೆ ಒಳಗೆ ಬಿಡಲೇಬೇಕು ಎಂದು ಕೇಳುವ ಹಕ್ಕು ಅಭ್ಯರ್ಥಿಗಿರುವುದಿಲ್ಲ. ಪ್ರಯಾಣ ಭತ್ಯೆಯೂ ಸಾಮಾನ್ಯವಾಗಿ ಸಿಗದು. ಅಂದರೆ ದಾರಿಗೆ ಬಿದ್ದ ಒಂದು ಮರ, ತಪ್ಪಿದ ಒಂದು ಬಸ್ಸು ಕೈಗೆ ಬರಬಹುದಾಗಿದ್ದ ಕೆಲಸವನ್ನೇ ತಪ್ಪಿಸಬಹುದು.

ಹಿಂದಿನ ದಿನವೇ ತೀರ್ಮಾನ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಹೆಚ್ಚು ಬಿದ್ದರೆ ಭಾರಿ ಮಳೆ. 115.6 ಮಿ.ಮೀ. ದಾಟಿದರೆ ಅತಿ ಭಾರಿ. 204.4 ಮಿ.ಮೀ. ಮೀರಿದರೆ ಅದಕ್ಕೂ ಮೇಲಿನ ದರ್ಜೆ. ಹಳದಿ ಎಂದರೆ ಗಮನವಿರಲಿ, ಆರೆಂಜ್ ಎಂದರೆ ಸಿದ್ಧರಾಗಿ, ರೆಡ್ ಎಂದರೆ ಸುರಕ್ಷತೆಗೆ ಬೇಕಾದ್ದನ್ನು ಈಗಲೇ ಮಾಡಿ ಎಂಬ ಸೂಚನೆ. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ 'ಬೆಳಿಗ್ಗೆ ನೋಡ್ಕೊಂಡು ಹೊರಟ್ರಾಯ್ತು' ಎನ್ನುವುದು ಬೇಡ. ಸಂದರ್ಶನ ನಡೆಯುವ ಊರಿನಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಹಿಂದಿನ ಸಂಜೆಯೇ ಹೋಗಿ ಉಳಿಯುವುದು ಒಳ್ಳೆಯದು.

ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ., ಸಾಗರದಿಂದ ಸುಮಾರು 70 ಕಿ.ಮೀ. ಮಳೆಯಲ್ಲಿ ಬಸ್ಸು ನಿಧಾನ. ಸಮಯಕ್ಕೆ ಸರಿಯಾಗಿ ಮುಟ್ಟಿಸುವ ಬಸ್ಸಿಗೆ ಕಾಯದೆ ಅದಕ್ಕಿಂತ ಒಂದು ಬಸ್ಸು ಮುಂಚೆ ಹೊರಡಬೇಕು. ಸಾಗರ, ಆನಂದಪುರ ಕಡೆಯವರಿಗೆ ತಾಳಗುಪ್ಪ ಮಾರ್ಗದ ರೈಲಿನ ಅನುಕೂಲವೂ ಇದೆ.

ಉಡುಪಿ, ಮಣಿಪಾಲಕ್ಕೆ ಹೋಗುವವರು ಘಟ್ಟದ ಸ್ಥಿತಿಯನ್ನು ಮೊದಲು ವಿಚಾರಿಸಬೇಕು. 2022ರ ಜುಲೈನಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದು ಸಂಚಾರವೇ ನಿಂತಿತ್ತು. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದೂ ಉಂಟು. ಬದಲಿ ದಾರಿ ಎಂದರೆ ಮಾಸ್ತಿಕಟ್ಟೆ, ಹುಲಿಕಲ್ ಘಾಟಿ, ಸಿದ್ದಾಪುರದ ಕಡೆಯದು. ಅದು ಸುತ್ತು ಮಾತ್ರವಲ್ಲ, ಅಲ್ಲೂ ಇಷ್ಟೇ ಮಳೆ. ರಸ್ತೆ ತೆರೆದಿದೆಯೇ ಎಂದು ತಿಳಿಯಲು ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಬಹುದು. ಬಸ್ ಏಜೆಂಟರಿಗೂ ಬೇಗ ಸುದ್ದಿ ಗೊತ್ತಿರುತ್ತದೆ.

ಈ ಭಾಗದಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ನಡೆಯುವುದಿಲ್ಲ. ನೆಟ್‌ವರ್ಕ್ ಹೋದರೆ ಫೋನ್‌ಪೇ, ಗೂಗಲ್‌ಪೇ ಕೂಡ ಇಲ್ಲ. ಹೋಗಿ ಬರುವ ಖರ್ಚಿನ ನಗದು ಜೇಬಿನಲ್ಲಿರಲಿ.

ಕಾಗದ ಪತ್ರ ಒದ್ದೆಯಾದರೆ?

ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದ ಬಯೋಡೇಟಾಗೆ ಒಂದು ಹನಿ ಬಿದ್ದರೂ ಅಕ್ಷರ ಹರಡಿಕೊಳ್ಳುತ್ತದೆ. ಜೆರಾಕ್ಸ್ ಅಥವಾ ಲೇಸರ್ ಪ್ರಿಂಟ್‌ನ ಪುಡಿ ಶಾಯಿ ಹಾಗೆ ಕರಗುವುದಿಲ್ಲ. ಆದ್ದರಿಂದ ಎರಡು ಸೆಟ್ ಜೆರಾಕ್ಸ್ ಮಾಡಿಸಿಕೊಳ್ಳಬೇಕು, ಅದೂ ಹಿಂದಿನ ದಿನವೇ. ಬೆಳಿಗ್ಗೆ ಜೆರಾಕ್ಸ್ ಅಂಗಡಿ ಬಾಗಿಲು ತೆಗೆದಿದ್ದರೂ ಕರೆಂಟ್ ಇಲ್ಲದಿದ್ದರೆ ಮೆಷಿನ್ ಓಡಲ್ಲ.

ಮೂಲ ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ, ಜೆರಾಕ್ಸ್ ಮತ್ತು ಫೋಟೋಗಳನ್ನು ಇನ್ನೊಂದಕ್ಕೆ ಹಾಕಿ, ಎರಡನ್ನೂ ಬ್ಯಾಗಿನ ಒಳಗಿಡಬೇಕು. ಫೈಲನ್ನು ತಲೆ ಮೇಲೆ ಹಿಡಿದು ಓಡುವ ಅಭ್ಯಾಸ ಬೇಡ. ಡಿಜಿಲಾಕರ್‌ನಲ್ಲಿ ಸಂಬಂಧಪಟ್ಟ ಇಲಾಖೆಯೇ ನೀಡಿದ ದಾಖಲೆಗೆ ಕಾನೂನಿನಲ್ಲಿ ಮೂಲಪತ್ರದ ಮಾನ್ಯತೆ ಇದೆ. ಮೂಲ ಪ್ರತಿಯ ಫೋಟೋ ತೆಗೆದು ನಾವೇ ಸೇರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ.

ಮೊಬೈಲ್ ರಾತ್ರಿಯೇ ಪೂರ್ತಿ ಚಾರ್ಜ್ ಆಗಿರಲಿ. ಕರೆಂಟ್ ಬಹಳ ಹೊತ್ತು ಇಲ್ಲದಿದ್ದರೆ ಟವರ್‌ನ ಬ್ಯಾಟರಿಯೂ ಇಳಿದು ಸಿಗ್ನಲ್ ಹೋಗುತ್ತದೆ. ಸಂದರ್ಶನ ಕರೆದವರ ಹೆಸರು, ಫೋನ್ ನಂಬರ್, ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಯಾರದಾದರೂ ಫೋನಿಂದ ಕರೆ ಮಾಡಬಹುದು.

ಬಟ್ಟೆ, ಚಪ್ಪಲಿ, ಬೈಕು

ದಾರಿಗೆ ಮಳೆಗಾಲದ ಚಪ್ಪಲಿ, ಒಳಗೆ ಹೋಗುವಾಗ ಶೂ. ಒಂದು ಟವೆಲ್, ಬಾಚಣಿಗೆ, ಸಾಧ್ಯವಾದರೆ ಇನ್ನೊಂದು ಶರ್ಟ್ ಅಥವಾ ಚೂಡಿದಾರ್ ಬ್ಯಾಗಿನಲ್ಲಿರಲಿ. ಅರ್ಧ ಗಂಟೆ ಮುಂಚೆ ತಲುಪಿದರೆ ತಲೆ ಒರೆಸಿ, ಬಟ್ಟೆ ಬದಲಿಸಿ, ಉಸಿರು ತಿರುಗಿಸಿಕೊಳ್ಳಲು ಸಮಯ ಸಿಗುತ್ತದೆ. ಸೋರುವ ಕೊಡೆ, ರೇನ್‌ಕೋಟ್ ಬಾಗಿಲ ಹೊರಗೇ ಇರಲಿ.

ಬೈಕಿನಲ್ಲಿ ಹೊರಟವರು ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬಾರದು. ಅರ್ಧ ಅಡಿ ಆಳದ ನೀರಾದರೂ ಸೆಳೆತ ಜೋರಿದ್ದರೆ ನಿಂತ ಮನುಷ್ಯನನ್ನು ಕೆಡವುತ್ತದೆ. ಕೆಲಸ ಇನ್ನೊಂದು ಸಿಗಬಹುದು, ಜೀವ ಸಿಗಲ್ಲ.

ತಡವಾಗುವುದು ಖಾತ್ರಿಯಾದರೆ

ಸಮಯ ಮೀರಿದ ಮೇಲೆ ಕೊಡುವ ಕಾರಣಕ್ಕಿಂತ ಸಮಯಕ್ಕೆ ಮೊದಲೇ ಮಾಡಿದ ಒಂದು ಫೋನಿಗೆ ಬೆಲೆ ಹೆಚ್ಚು. ಮಾತು ಚಿಕ್ಕದಾಗಿರಲಿ: 'ಸಾರ್, 11 ಗಂಟೆಗೆ ಸಂದರ್ಶನ ಇತ್ತು. ಮಂಡಗದ್ದೆ ಹತ್ರ ಮರ ಬಿದ್ದು ಬಸ್ಸು ನಿಂತಿದೆ. 12ರ ಒಳಗೆ ಬರ್ತೀನಿ. ಮಧ್ಯಾಹ್ನ ಅವಕಾಶ ಕೊಡ್ತೀರಾ?' ಇಷ್ಟು ಸಾಕು. ಅದನ್ನೇ ಮೆಸೇಜ್ ಕೂಡ ಮಾಡಿದರೆ ದಾಖಲೆ ಉಳಿಯುತ್ತದೆ. ಬಸ್ ಟಿಕೆಟ್ ಎಸೆಯಬಾರದು. ತಲುಪಲು ಆಗುವುದೇ ಇಲ್ಲ ಎಂದಾದರೆ ಫೋನ್ ಅಥವಾ ವಿಡಿಯೊ ಮೂಲಕ ಮಾತಾಡಬಹುದೇ ಎಂದು ಕೇಳಿ ನೋಡಬಹುದು. ಅವರು ಒಪ್ಪಲೇಬೇಕೆಂದಿಲ್ಲ. ಆದರೆ ಕೇಳದೆ ಸುಮ್ಮನಿದ್ದವರ ಹೆಸರಿನ ಮುಂದೆ 'ಗೈರು' ಎಂದಷ್ಟೇ ಬೀಳುತ್ತದೆ.

ಕೆಲಸ ಕೊಡುವವರಿಗೂ ಒಂದು ಮಾತು

ಪೇಟೆಯ ಬಟ್ಟೆ ಅಂಗಡಿ, ಮೆಡಿಕಲ್, ಶೋರೂಂ, ಫೈನಾನ್ಸ್ ಕಚೇರಿಗಳಿಗೂ ಹಳ್ಳಿಯಿಂದಲೇ ಹುಡುಗ ಹುಡುಗಿಯರು ಕೆಲಸ ಕೇಳಿಕೊಂಡು ಬರುತ್ತಾರೆ. ಬೆಳಿಗ್ಗೆ 9ಕ್ಕೆ ಬಾ ಎಂದರೆ ದೂರದ ಹಳ್ಳಿಯವರು ಕತ್ತಲಲ್ಲೇ ಮನೆ ಬಿಡಬೇಕು. ಅಲರ್ಟ್ ಇರುವ ದಿನ ಸಮಯವನ್ನು 11ರ ಮೇಲಿಟ್ಟರೆ ಮಾಲೀಕರಿಗೆ ನಷ್ಟವೇನಿಲ್ಲ. ಮುಂದೂಡುವುದಾದರೆ ಹಿಂದಿನ ಸಂಜೆಯೇ ತಿಳಿಸಿದರೆ ಅಭ್ಯರ್ಥಿಗೆ ಬಸ್ ಚಾರ್ಜೂ ಒಂದು ದಿನದ ಕೂಲಿಯೂ ಉಳಿಯುತ್ತದೆ. ಕೆಸರು ಮೆತ್ತಿದ ಪ್ಯಾಂಟು ನೋಡಿ ಮನುಷ್ಯನನ್ನು ಅಳೆಯುವುದು ಸರಿಯಲ್ಲ. ಅಂಥ ಮಳೆಯಲ್ಲೂ ಹೇಳಿದ ಹೊತ್ತಿಗೆ ಬಂದವರು ನಾಳೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೂ ಬರುತ್ತಾರೆ.